ಕೈ ಎತ್ತಿಸುವ ಮೊದಲು

ಹುನಗುಂದ ತಾಲ್ಲೂಕಿನ ನಮ್ಮೂರಲ್ಲಿ ನಾನು ಐದು ವರ್ಷ ಪಂಚಾಯ್ತಿ ಸದಸ್ಯೆಯಾಗಿದ್ದೆ. ಹೊಸದಾಗಿ ಆರಿಸಿ ಬಂದ ಅಕ್ಕ-ತಂಗಿಯರಿಗೆ ಸಭೆಯ ಬಗ್ಗೆ ನಾಲ್ಕು ಮಾತು.

ಮೊದಲು ವಿಷಯ ಬೇರ್ಪಡಿಸಿ. ಬೀದಿದೀಪ ಮೊದಲು ಯಾವ ಓಣಿಗೆ, ಸಂತೆಯ ಕಟ್ಟೆ ಎಲ್ಲಿ? ಇಂಥವಕ್ಕೆ ಕೈ ಎತ್ತಿಸಿ, ಹೆಚ್ಚು ಕೈ ಬಂದದ್ದೇ ತೀರ್ಮಾನ. ಆದರೆ ಯಾರಿಗೆ ನೀರು, ಯಾರಿಗೆ ಗುಡಿಯ ಬಾಗಿಲು ಎಂಬುದನ್ನು ಮತಕ್ಕೆ ಹಾಕಲೇಬೇಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಇಡೀ ಊರು ಕೈ ಎತ್ತಿದರೂ ಅದು ಬದಲಾಗುವುದಿಲ್ಲ. ಸಂಸತ್ತಿಗೂ ಗೆರೆ ಇದೆ: 1973ರಲ್ಲಿ ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಮೂರನೇ ಎರಡರಷ್ಟು ಬಹುಮತವಿದ್ದರೂ ಸಂವಿಧಾನದ ಮೂಲ ರಚನೆ, ಅಂದರೆ ಅದರ ಅಡಿಪಾಯದ ತತ್ವಗಳನ್ನು, ಕೆಡಿಸುವಂತಿಲ್ಲ.

ಒಂದು ಬೇಸಿಗೆ ಹೊಸ ಪೈಪ್‌ಲೈನ್ ಬಂತು. ಕೇರಿಯ ಮೂವತ್ತು ಮನೆಗೆ ಆಮೇಲೆ ನೋಡೋಣ ಎಂದು ಬೇವಿನ ಕಟ್ಟೆಯ ಮುಂದೆ ಕೈಗಳು ಎದ್ದವು. ಖಾಲಿ ಕೊಡ ಮಗ್ಗುಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದ ಆಯಿ ನನ್ನನ್ನೇ ನೋಡಿ, "ಎಣಿಸಾಕ ನಾವು ಕಡಿಮಿ ಮಂದಿ ಖರೇ, ನಮ್ಮ ನೀರಡಿಕಿನೂ ಕಡಿಮಿ ಐತೇನವ್ವಾ?" ಅಂದಳು. ನಾನು ಠರಾವಿಗೆ ಒಪ್ಪಲಿಲ್ಲ. ಕಾರಣ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿದೆ. ನೀವೂ ಹಾಗೇ ಮಾಡಿ. ಆ ಪುಟದ ನಕಲು ಹಿಡಿದೇ ತಾಲ್ಲೂಕು ಕಚೇರಿಗೆ ಅಲೆದೆವು. ದೀಪಾವಳಿ ಹೊತ್ತಿಗೆ ಕೇರಿಗೂ ನಳ ಬಂತು.

ಕಡಿಮೆ ಮಂದಿ ಇರುವವರಿಗೆ ಮೊದಲು ಮಾತಾಡಲು ಬಿಡಿ. ಹೆಂಗಸರು ಮನೆಯವರ ಮುಖ ನೋಡಿ ಕೈ ಎತ್ತುತ್ತಿದ್ದರೆ ಗುಟ್ಟಾಗಿ ಮತ ಹಾಕಿಸಿ: ಬಾಯಿ ಮುಚ್ಚಿದ ಗಡಿಗೆಯೊಳಗೆ ಬೇಕೆನ್ನುವವರು ಜೋಳ, ಬೇಡವೆನ್ನುವವರು ಕಡಲೆ. ಓದು ಬಾರದವರಿಗೂ ಇದು ಸಲೀಸು.