ಮಗುವಿಗೆ ಕಾಯುತ್ತಿದ್ದೀರಾ? ಗಂಡಸರೂ ಸ್ವಲ್ಪ ಕೇಳಿ

ಬದಿಯಡ್ಕ, ಕುಂಬಳೆ ಕಡೆಯ ನಮ್ಮ ಹುಡುಗರಿಗೆ ಒಂದು ಮಾತು. ಮದುವೆಯಾಗಿ ವರ್ಷ ಕಳೆದರೂ ಮಗುವಾಗದಿದ್ದರೆ ಡಾಕ್ಟರ ಹತ್ತಿರ ಹೋಗುವುದು ಹೆಂಡತಿ ಒಬ್ಬಳೇ, ಅಲ್ವಾ? ನಾನೂ ಹಾಗೇ ಕಳಿಸಿದ್ದೆ, ಈಗ ನಾಚಿಕೆಯಾಗುತ್ತದೆ. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ.

ವೀರ್ಯಾಣು ಹುಟ್ಟುವ ವೃಷಣಕ್ಕೆ ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ನಾನು ರಾತ್ರಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಅಡಿಕೆ ಲೆಕ್ಕ ಬರೆಯುತ್ತಿದ್ದೆ. ಲುಂಗಿ ದಾಟಿ ಬಿಸಿ ಚುರುಕ್ ಅನ್ನುತ್ತಿತ್ತು. ಈಗ ಅದು ಮೇಜಿನ ಮೇಲೆ. ಮನೆಯಲ್ಲಿ ಬಿಗಿ ಜೀನ್ಸ್ ಕೂಡ ಬೇಡ.

ಬೀಡಿ ಬಿಡಿ, ಎಲೆಯಡಿಕೆ ಜೊತೆಯ ಹೊಗೆಸೊಪ್ಪನ್ನೂ ಬಿಡಿ. ಕುಡಿತ ಕಡಿಮೆ ಮಾಡಿ. ಜಿಮ್ಮಿನವರು ಹೇಳಿದರೆಂದು ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನ್) ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಅದರಿಂದ ವೀರ್ಯಾಣು ಹುಟ್ಟುವುದೇ ನಿಲ್ಲಬಹುದು! ದುಬಾರಿ ಪುಡಿಗಳಿಗೆ ಸುಮ್ನೆ ದುಡ್ಡು ಸುರಿಯುವುದಕ್ಕಿಂತ ಬೂತಾಯಿ, ಬಸಳೆ, ಹೆಸರುಕಾಳು ತಿನ್ನಿ ಮಾರಾಯ್ರೆ.

ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ವಾರದಲ್ಲೇ ಫಲ ನೋಡಬೇಡಿ. ವೀರ್ಯ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ. ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಹೋಗಿರಬಾರದು. ಹೆಂಡತಿಗೆ 35 ದಾಟಿದ್ದರೆ ವರ್ಷ ಕಾಯದೆ ಆರು ತಿಂಗಳಿಗೇ ಇಬ್ಬರೂ ಹೋಗಿ.