55 ನ್ಯಾನೋಮೀಟರ್ ಗಾಜಿನ ಮೇಲೆ ಒಂದು ಪದರ ಗ್ರಾಫೀನ್

ಮೊದಲ ಗ್ರಾಫೀನ್ ಕನ್ನಡಿ, ಅಂದರೆ ಮೇಲೆ ಇಂಗಾಲದ ಅತಿ ತೆಳು ಹಾಳೆ ಇರುವ ಕನ್ನಡಿ, ಕೂರಿಸಿದ ದಿನ ಲೇಸರ್ ಹೊತ್ತಿಕೊಳ್ಳಲೇ ಇಲ್ಲ. ಪಂಪ್, ಅಂದರೆ ಲೇಸರಿಗೆ ಶಕ್ತಿ ಕೊಡುವ ಬೆಳಕು, ಎಷ್ಟು ಏರಿಸಿದರೂ ಪವರ್ ಮೀಟರಿನಲ್ಲಿ ಸೊನ್ನೆ. ಅದೇ ಜಾಗದಲ್ಲಿ ಮಾಮೂಲಿ ಕನ್ನಡಿ ಇಟ್ಟರೆ ತಕ್ಷಣ ಬೆಳಕು. ಮೂರು ದಿನ ಸುಮ್ನೆ ಅಲೈನ್‌ಮೆಂಟನ್ನೇ ಅನುಮಾನಿಸಿದೆ.

ನಮ್ಮದು ವೆಕ್ಸೆಲ್ ಅನ್ನುವ ಬಗೆಯ ಸೆಮಿಕಂಡಕ್ಟರ್ ಲೇಸರ್. ಚಿಪ್ಪಿನ ಮೇಲೆ 808 ನ್ಯಾನೋಮೀಟರಿನ ಡಯೋಡ್ ಬೆಳಕು ಬೀಳುತ್ತದೆ, ಚಿಪ್ 960ರ ಆಸುಪಾಸಿನಲ್ಲಿ ಬೆಳಕು ಕೊಡುತ್ತದೆ, ಹೊರಗಿನ ಕನ್ನಡಿಗಳ ನಡುವೆ ಅದು ಓಡಾಡುತ್ತದೆ. ಈ ಬೆಳಕನ್ನು ಪಲ್ಸ್‌ಗಳಾಗಿ, ಅಂದರೆ ಪುಟ್ಟ ಪುಟ್ಟ ಮಿಂಚುಗಳಾಗಿ, ಒಡೆಯಲು ಮಂದ ಬೆಳಕನ್ನು ನುಂಗಿ ಜೋರು ಬೆಳಕಿಗೆ ದಾರಿ ಬಿಡುವ ಒಂದು ವಸ್ತು ಬೇಕು. 1992ರಲ್ಲಿ ಉರ್ಸುಲಾ ಕೆಲ್ಲರ್ ಮತ್ತು ಜೊತೆಗಾರರು ತೋರಿಸಿದ ಸೆಸಾಮ್ ಕನ್ನಡಿ ಈ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಒಂದು ಸಣ್ಣ ಬಣ್ಣದ ಪಟ್ಟಿಗೆ ಮಾತ್ರ. ಗ್ರಾಫೀನ್‌ಗೆ ಆ ಕಟ್ಟು ಇಲ್ಲ. ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ, ಅಗಲವಾದ ಪಟ್ಟಿಯ ಉದ್ದಕ್ಕೂ ಸುಮಾರು 2.3% ಬೆಳಕು ನುಂಗುತ್ತದೆ. 2013ರಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳವರು ಸೇರಿ 935ರಿಂದ 981 ನ್ಯಾನೋಮೀಟರ್‌ವರೆಗೆ ಇಂಥ ಲೇಸರನ್ನು ಪಲ್ಸ್ ಮಾಡಿಸಿದ್ದರು. ಅವರ ಲೇಖನವೇ ನನಗೆ ದಾರಿ.

ನಾನು ಎಡವಿದ್ದು ಗಾಜಿನ ದಪ್ಪದಲ್ಲಿ. ಕಂಬಕ್ಕೆ ಕಟ್ಟಿದ ಹಗ್ಗವನ್ನು ಅಲುಗಾಡಿಸಿ ನೋಡಿ. ಗಂಟಿನ ಹತ್ತಿರ ಹಗ್ಗ ಕದಲುವುದಿಲ್ಲ, ಸ್ವಲ್ಪ ದೂರದಲ್ಲಿ ಜೋರಾಗಿ ಏಳುತ್ತದೆ. ಕನ್ನಡಿಯ ಮುಂದೆ ಬೆಳಕೂ ಹಾಗೇ. ಗ್ರಾಫೀನ್ ಕನ್ನಡಿಗೆ ಅಂಟಿಕೊಂಡಿದ್ದರೆ ಏನೂ ನುಂಗದು. ನಡುವೆ ಕಾಲು ಅಲೆಯಷ್ಟು ಸಿಲಿಕಾ ಗಾಜು, ಅಂದರೆ ಸುಮಾರು 165 ನ್ಯಾನೋಮೀಟರ್, ಇದ್ದರೆ ನಾಲ್ಕು ಪಟ್ಟು ನುಂಗುತ್ತದೆ, 9%ಗೂ ಜಾಸ್ತಿ. ಜಾಸ್ತಿ ನುಂಗಿದಷ್ಟೂ ಒಳ್ಳೆಯದು ಅಂದುಕೊಂಡು ನಾನು ಮಾಡಿಸಿದ್ದು ಅದನ್ನೇ. ಚಿಪ್ ಒಂದು ಸುತ್ತಿಗೆ ಗಳಿಸುವುದೇ ಕೆಲವು ಪರ್ಸೆಂಟ್. ಖರ್ಚು ಗಳಿಕೆಗಿಂತ ಜಾಸ್ತಿ, ಇನ್ನು ಲೇಸರ್ ಹೊತ್ತುವುದು ಹೇಗೆ, ಅಲ್ವಾ?

ಎರಡನೇ ಸಲ 55 ನ್ಯಾನೋಮೀಟರ್ ಸಿಲಿಕಾ ಹಾಕಿಸಿದೆ. ಲೆಕ್ಕದ ಪ್ರಕಾರ ನಷ್ಟ 1.3%ರ ಹತ್ತಿರ.

ಇನ್ನು ಗ್ರಾಫೀನ್ ಕೂರಿಸುವುದು. ಅದು ಬರುವುದು ತಾಮ್ರದ ಹಾಳೆಯ ಮೇಲೆ ಬೆಳೆದು. ಮೇಲೆ ತೆಳುವಾಗಿ ಪಿಎಂಎಂಎ ಅನ್ನುವ ಪ್ಲಾಸ್ಟಿಕ್ ಬಳಿದು, ತಾಮ್ರ ಕರಗಿಸುವ ಅಮೋನಿಯಂ ಪರ್ಸಲ್ಫೇಟ್ ದ್ರಾವಣದ ಮೇಲೆ ತೇಲಿಬಿಟ್ಟೆ. ಕೆಲವು ಗಂಟೆಗಳಲ್ಲಿ ತಾಮ್ರ ಕರಗಿತು. ಉಳಿದದ್ದು ಹಾಲಿನ ಕೆನೆಗಿಂತ ತೆಳ್ಳಗಿನ ಪೊರೆ, ಓರೆಯಾಗಿ ನೋಡಿದರೆ ಮಾತ್ರ ಕಾಣುವಂಥದ್ದು. ಅದನ್ನು ಎರಡು ಮೂರು ಸಲ ಶುದ್ಧ ನೀರಿಗೆ ಬದಲಾಯಿಸಿ, ಕನ್ನಡಿಯನ್ನು ನೀರೊಳಗಿನಿಂದ ಓರೆಯಾಗಿ ಎತ್ತಿ ಮೇಲೆ ಹೊತ್ತುಕೊಳ್ಳಬೇಕು. ಇಲ್ಲಿ ಅವಸರ ಮಾಡಿದರೆ ಸುಕ್ಕು ಬೀಳುತ್ತದೆ. ನಾನು ರಾತ್ರಿಯಿಡೀ ಒಣಗಲು ಬಿಟ್ಟು, ಆಮೇಲೆ ಬಿಸಿ ಮಾಡಿ, ಕೊನೆಗೆ ಅಸಿಟೋನಿನಲ್ಲಿ ಪಿಎಂಎಂಎ ತೊಳೆದೆ. ಒಂದು ಕನ್ನಡಿಯಲ್ಲಿ ಅದು ಪೂರ್ತಿ ಹೋಗಿರಲಿಲ್ಲ. ಬೆಳಕು ಬಿದ್ದ ಕಡೆ ಸುಟ್ಟು ಚುಕ್ಕೆಯಾಯಿತು. ಈ ಕನ್ನಡಿಯ ಮೇಲೆ ಬೆಳಕನ್ನು ತುಂಬ ಸಣ್ಣ ಚುಕ್ಕೆಗೆ ಇಳಿಸಲೇಬೇಕು, ಇಲ್ಲದಿದ್ದರೆ ಗ್ರಾಫೀನ್ ದಾರಿ ಬಿಡುವುದಿಲ್ಲ. ಹಾಗಾಗಿ ಕೊಳೆಗೆ ಕ್ಷಮೆಯೇ ಇಲ್ಲ. ಆಮೇಲಿಂದ ಗ್ರಾಫೀನ್ ಚೆನ್ನಾಗಿದೆಯೇ ಅಂತ ಲೇಸರ್ ಬೆಳಕಿನಿಂದ ನೋಡುವ ರಾಮನ್ ಪರೀಕ್ಷೆ ಮಾಡದೆ, ಮೈಕ್ರೋಸ್ಕೋಪಿನಲ್ಲಿ ಇಂಚಿಂಚೂ ನೋಡದೆ ಒಂದು ಕನ್ನಡಿಯನ್ನೂ ಒಳಗೆ ಇಡಲಿಲ್ಲ.

ಚೊಕ್ಕವಾದ ಕನ್ನಡಿ ಇಟ್ಟ ಸಂಜೆ ಲೇಸರ್ ಮೊದಲ ಪ್ರಯತ್ನಕ್ಕೇ ಹೊತ್ತಿತು. ಆದರೆ ಪಲ್ಸ್ ಇಲ್ಲ. ಕನ್ನಡಿಯನ್ನು ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸುತ್ತಾ ಹೋದೆ. ಒಂದು ಕಡೆ ಸ್ಪೆಕ್ಟ್ರಮ್, ಅಂದರೆ ಬೆಳಕಿನ ಬಣ್ಣಗಳ ಹರವು, ಇದ್ದಕ್ಕಿದ್ದಂತೆ ಅಗಲವಾಯಿತು. ಪಲ್ಸ್‌ಗಳ ಲಯ ತೋರಿಸುವ ಆರ್‌ಎಫ್ ಅನಲೈಸರಿನಲ್ಲಿ 1.5 ಗಿಗಾಹರ್ಟ್ಸ್ ಹತ್ತಿರ ಚೂಪಾದ ಒಂದು ಗೆರೆ. ಬೆಳಕು ಓಡಾಡುವ ಕ್ಯಾವಿಟಿಯ ಉದ್ದ 10 ಸೆಂಟಿಮೀಟರ್, ಹೋಗಿ ಬರುವ ಒಂದು ಸುತ್ತಿಗೆ ಒಂದು ಪಲ್ಸ್, ಲೆಕ್ಕ ಸರಿಯಾಗಿ ಕೂತಿತು. ಸೆಕೆಂಡಿಗೆ ನೂರೈವತ್ತು ಕೋಟಿ ಪಲ್ಸ್! ಉಸಿರು ಬಿಟ್ಟರೆ ನಿಂತುಹೋದೀತೇನೋ ಅನ್ನುವ ಹಾಗೆ ಕೂತಿದ್ದೆ.

ಪಲ್ಸ್ ಉದ್ದ ಅಳೆಯುವ ಆಟೋಕೋರಿಲೇಟರಿನಲ್ಲಿ ನೋಡಿದಾಗ ಪಲ್ಸ್ ಒಂದು ಪಿಕೋಸೆಕೆಂಡಿಗಿಂತ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ, ಉದ್ದ ಇತ್ತು. ಒಳಗಿದ್ದ 100 ಮೈಕ್ರಾನಿನ ಎಟಲಾನ್, ಅಂದರೆ ಬಣ್ಣ ಆರಿಸುವ ತೆಳು ಹಲ್ಲೆ, ತೆಗೆದು 20 ಮೈಕ್ರಾನಿನದನ್ನು ಇಟ್ಟೆ. ಬಣ್ಣಗಳಿಗೆ ಜಾಗ ಸಿಕ್ಕಿತು, ಪಲ್ಸ್ ಪಿಕೋಸೆಕೆಂಡಿನ ಕೆಳಗೆ ಇಳಿಯಿತು. ಎಟಲಾನನ್ನು ನಿಧಾನಕ್ಕೆ ಓರೆ ಮಾಡಿದೆ. ಬಣ್ಣ ಸರಿಯಿತು, ಪಲ್ಸ್ ಹಾಗೇ ಉಳಿಯಿತು.