ದಪ್ಪ ಮೈಯವರ ಕುರ್ತಾ: ಪೇಪರನ್ನು ಸುತ್ತಲೂ ಹಿಗ್ಗಿಸಬೇಡಿ

ಮೈ ದಪ್ಪವಿದ್ದರೆ ಪೇಪರ್ ಕಟಿಂಗನ್ನು, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಅಳತೆಯ ಪೇಪರನ್ನು, ಸುತ್ತಲೂ ಎರಡೆರಡು ಇಂಚು ದೊಡ್ಡದು ಮಾಡಿದರೆ ಆಯಿತು ಅಂತ ಈಗಿನ ಹೆಣ್ಣುಮಕ್ಕಳಿಗೆ ಯಾರು ಹೇಳಿಕೊಟ್ಟರೋ! ಎದೆ, ಹೊಟ್ಟೆ ತುಂಬಿಕೊಂಡರೆ ಭುಜದ ಮೂಳೆಯೂ ಬೆಳೆಯುತ್ತದೆಯೇ? ಅಂಥ ಕುರ್ತಾದ ಕುತ್ತಿಗೆ ಜಾರುತ್ತದೆ, ತೋಳಿನ ಹೊಲಿಗೆ ಭುಜದಿಂದ ಕೆಳಗೆ ನೇತಾಡುತ್ತದೆ. ಆಮೇಲೆ ಕನ್ನಡಿ ಮುಂದೆ ನಿಂತು ಮೈಯನ್ನು ಯಾಕೆ ಬೈದುಕೊಳ್ಳುತ್ತೀರಿ? ಕತ್ತರಿಸಿದ್ದೇ ತಪ್ಪು.

ಹೊಸ ಕಾಟನ್ ಬಟ್ಟೆ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಿಡಿಯಿರಿ. ನಮ್ಮ ಕೊಡಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಒಣಗುವುದಿಲ್ಲ ಅಂತ ಬಿಟ್ಟರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹಾಗೆಯೇ ಅರ್ಧ ಒಣಗಿದ ಬಟ್ಟೆ ಮಡಚಿ ಬೀರುವಿಗೆ ತುರುಕುವ ಚಾಳಿಯನ್ನೂ ಬಿಡಿ, ಬೂಷ್ಟು ಹಿಡಿದ ಮೇಲೆ ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ.

ಈಗ ಅಳತೆ. ಟೇಪನ್ನು ಕಂಕುಳಿನಡಿಯಿಂದ ಎದೆಯ ಮೇಲ್ಭಾಗಕ್ಕೆ ಸುತ್ತಿ ಒಂದು, ಎದೆಯ ತುಂಬು ಜಾಗದಲ್ಲಿ ಇನ್ನೊಂದು. ಮೇಲಿನದು 40 ಇಂಚು, ತುಂಬು ಅಳತೆ 46 ಅಂದುಕೊಳ್ಳಿ. 46ರ ಪೇಪರ್ ಮುಟ್ಟಬೇಡಿ. ಮೇಲಿನ ಅಳತೆಗೆ 2 ಸೇರಿಸಿ 42ರದ್ದು ತೆಗೆದುಕೊಂಡರೆ ಭುಜ, ಕುತ್ತಿಗೆ ಸರಿಯಾಗಿ ಕೂರುತ್ತವೆ. ಕಡಿಮೆ ಬಿದ್ದ 4 ಇಂಚು ಮುಂಭಾಗಕ್ಕೆ ಮಾತ್ರ, ಅಂದರೆ ಅರ್ಧ ಮುಂಭಾಗದ ಪೇಪರಿಗೆ 2 ಇಂಚು. ಪೇಪರ್ ಕಟಿಂಗಿಗೆ ಹಳೇ ಶಕ್ತಿ ದಿನಪತ್ರಿಕೆ ಸಾಕು, ಬಿಳಿ ಬಟ್ಟೆಗಾದರೆ ಬೇಡ, ಮಸಿ ಹತ್ತುತ್ತದೆ.

ಎದೆಯ ತುದಿ ಬರುವಲ್ಲಿ ಚುಕ್ಕಿ ಇಡಿ. ಕೆಳಗಿನ ಅಂಚಿನಿಂದ ಚುಕ್ಕಿಯ ತನಕ ನೇರ ಕತ್ತರಿಸಿ, ಅಲ್ಲಿಂದ ಓರೆಯಾಗಿ ಕಂಕುಳಿನ ಸುತ್ತಿನ ಕೆಳಭಾಗಕ್ಕೆ ಹೋಗಿ. ಅಲ್ಲಿ ಅಂಚು ತುಂಡಾಗಬಾರದು, ಒಂದು ಎಳೆಯಷ್ಟು ಪೇಪರ್ ಅಂಟಿಕೊಂಡೇ ಇರಬೇಕು. ಪಕ್ಕದ ಹೊಲಿಗೆಯ ಕಡೆಯಿಂದ, ಕಂಕುಳಿಗೆ ಮೂರು ಬೆರಳು ಕೆಳಗೆ, ಚುಕ್ಕಿಯ ಹತ್ತಿರದ ತನಕ ಇನ್ನೊಂದು ಕತ್ತರಿ ಹಾಕಿ. ಪಕ್ಕದ ತುಂಡನ್ನು ನಿಧಾನ ಹೊರಕ್ಕೆ ಸರಿಸಿ. ಕೆಳಗಿನ ಸೀಳು ಮೇಲಿಂದ ಕೆಳತನಕ ಒಂದೇ ಸಮ 2 ಇಂಚು ತೆರೆಯಬೇಕು. ಆಗ ಪಕ್ಕದಲ್ಲಿ ಡಾಟ್, ಅಂದರೆ ಚೂಪಾಗಿ ಮಡಚಿ ಹೊಲಿಯುವ ಮಡಿಕೆ, ತಾನಾಗಿ ಹುಟ್ಟುತ್ತದೆ. ಪಕ್ಕದ ತುಂಡು ಕೆಳಗಿಳಿದಿರುತ್ತದೆ, ಎದೆಯ ಮಧ್ಯದ ಕಡೆಯ ತುಂಡನ್ನು ಚುಕ್ಕಿಯ ಕೆಳಗೆ ಅಡ್ಡ ಕತ್ತರಿಸಿ ಅದರ ಸಮಕ್ಕೆ ಇಳಿಸಿ. ಕುರ್ತಾ ಮುಂದೆ ಮೇಲೇರದಿರುವುದು ಈ ಇಳಿಸಿದ ಉದ್ದದಿಂದಲೇ. ಸೋಮಾರಿಗಳು ಇದನ್ನೇ ಬಿಡುವುದು. ತೆರೆದ ಜಾಗಕ್ಕೆಲ್ಲ ಪೇಪರ್ ಅಂಟಿಸಿ. ಡಾಟ್ ಹೊಲಿಗೆಯನ್ನು ಚುಕ್ಕಿಗೆ ಒಂದೂವರೆ ಇಂಚು ಮೊದಲೇ ಮುಗಿಸಿ, ಇಲ್ಲವಾದರೆ ಚೂಪಾಗಿ ಎದ್ದು ನಿಲ್ಲುತ್ತದೆ. ತುದಿಯಲ್ಲಿ ಮೆಷಿನ್ನಿನಲ್ಲಿ ಹಿಂದಕ್ಕೆ ರಿವರ್ಸ್ ಹೊಲಿಗೆ ಹೊಡೆಯಬೇಡಿ, ನೂಲನ್ನು ಕೈಯಲ್ಲೇ ಗಂಟು ಹಾಕಿ.

ಮೊದಲು ಹಳೇ ಬೆಡ್‌ಶೀಟಿನಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕೂತು ನೋಡಿ. ಹಿಂದೆ ನಮ್ಮ ಕಡೆ ಉದ್ದ ತೋಳಿನ ರವಿಕೆ ಹೊಲಿಯುತ್ತಿದ್ದವರು ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಡುತ್ತಿದ್ದರು, ಮೈ ತುಂಬಿದಾಗ ಬಿಚ್ಚಿಕೊಳ್ಳಲು. ನೀವು ಒಂದು ಇಂಚಾದರೂ ಬಿಡಿ. ತೋಳಿನ ದಪ್ಪವನ್ನು ಮೊಣಕೈ ಮಡಚಿ ಅಳೆಯಿರಿ. ಕುರ್ತಾದ ಪಕ್ಕದ ಸೀಳು (ಓಪನ್) ಸೀಟಿನ ಅಗಲ ಜಾಗ ದಾಟಿಯೇ ಶುರುವಾಗಲಿ, ಆ ಮೂಲೆಗೆ ಒಳಗಿನಿಂದ ಚೂರು ಬಟ್ಟೆ ಕೊಟ್ಟು ಎರಡು ಸಲ ಹೊಲಿಯಿರಿ. ಕೂತಾಗ ಮೊದಲು ಹರಿಯುವುದು ಅಲ್ಲೇ.